ಖಾಲಿ ಬಿಟ್ಟ ಸೊನ್ನೆಗಳು

ಬೇರೆ ಊರುಗಳಲ್ಲಿ ಯಾರಿಗಾದರೂ ಬಿಕ್ಕಳಿಕೆ ಬಂದರೆ, ಯಾರೋ ನೆನೆಸುತ್ತಿದ್ದಾರೆ ನೋಡು ಎನ್ನುತ್ತಾರಂತೆ. ನಮ್ಮೂರಲ್ಲಿ ಹಾಗೆ ಅನ್ನುವುದಿಲ್ಲ, ಗೊತ್ತಿಲ್ಲದ್ದು ಏನು ಹೇಳಿದೆ ಎಂದು ಕೇಳುತ್ತಾರೆ. ಗೊತ್ತಿಲ್ಲದ ಸಂಗತಿಯನ್ನು ಗೊತ್ತಿದ್ದಂತೆ ಹೇಳಿದರೆ ನಮ್ಮೂರಲ್ಲಿ ಬಿಕ್ಕಳಿಕೆ ಬರುತ್ತದೆ. ಮುದುಕರಿಗೂ ಬರುತ್ತದೆ, ಮಾತು ಕಲಿತ ಕೂಸಿಗೂ ಬರುತ್ತದೆ, ಆಗಷ್ಟೇ ಬಸ್ಸಿಳಿದ ಪರಸ್ಥಳದವರಿಗೂ ಬರುತ್ತದೆ. ಹಾಗಂತ ನಾವೆಲ್ಲ ಭಾರೀ ಸತ್ಯವಂತರು ಎಂದು ತಿಳಿಯಬೇಡಿ. ಗೊತ್ತಿದ್ದೂ ಸುಳ್ಳು ಹೇಳಿದರೆ ಏನೂ ಆಗುವುದಿಲ್ಲ. ಬೇಲಿ ಹಾರಿ ಸೌತೆಕಾಯಿ ಕಿತ್ತವನು ನಾನು ಕಿತ್ತಿಲ್ಲ ಎಂದರೆ ಅವನ ಗಂಟಲು ತಣ್ಣಗೇ ಇರುತ್ತದೆ. ಆದರೆ ಕಿತ್ತವನು ಇಂಥವನೇ ಎಂದು ಕಾಣದೆ ಹೇಳಿದವನಿಗೆ ಸಂಜೆಯತನಕ ಬಿಕ್ಕು.

ಇದಕ್ಕೆ ನಾವು ಯಾವ ಕಾಲಕ್ಕೋ ಹೊಂದಿಕೊಂಡಿದ್ದೇವೆ. ನಾ ಕಂಡಷ್ಟು, ನಾ ಕೇಳಿದಷ್ಟು ಎಂದು ಮೊದಲು ಹೇಳಿ ಆಮೇಲೆ ಮಾತಾಡುವುದು ನಮ್ಮಲ್ಲಿ ರೂಢಿ. ಹುಡುಗಿ ಕೊಡಲು ಬಂದವರು ಹುಡುಗ ಹೇಗೆ ಎಂದು ಕೇಳಿದರೆ ಪಕ್ಕದ ಮನೆಯವರು, ನಾ ಕಂಡಷ್ಟು ಕುಡಿಯುವುದಿಲ್ಲ, ಕಾಣದ್ದು ಗೊತ್ತಿಲ್ಲ ಎನ್ನುತ್ತಾರೆ. ನಾಡಿ ಹಿಡಿದ ಕೂಡಲೇ ರೋಗದ ಹೆಸರು ಹೇಳುವ ವೈದ್ಯ ನಮ್ಮಲ್ಲಿ ಉಳಿದಿಲ್ಲ. ಗೊತ್ತಾಗವಲ್ದು, ನಾಳೆ ಬಾ ಅನ್ನುವವನ ಮನೆ ಮುಂದೆಯೇ ಜನ. ಒಮ್ಮೆ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಜ್ಯೋತಿಷಿ ಚಾಪೆ ಹಾಸಿದ. ಮಧ್ಯಾಹ್ನದ ಹೊತ್ತಿಗೆ ಪಂಚಾಂಗ ಹಿಡಿಯಲಾಗದಷ್ಟು ಬಿಕ್ಕು ಹತ್ತಿ, ಸಂಜೆ ಬಸ್ಸಿಗೆ ಹೋದ. ಓಟು ಕೇಳಲು ಬರುವವರು ಊರ ಗಡಿಯ ಕಲ್ಲಿನ ಆಚೆ ಮೈಕು ನಿಲ್ಲಿಸುತ್ತಾರೆ. ನಾವು ಈಚೆ ಕೂತು ಕೇಳುತ್ತೇವೆ. ಯಾರಿಗೂ ತೊಂದರೆ ಇಲ್ಲ.

ನನ್ನ ಹೆಸರು ಫಕ್ಕೀರವ್ವ. ನಾನು ಓದಿದ್ದು ಎರಡನೇ ಇಯತ್ತೆ. ನಾನು ಚಿಕ್ಕವಳಿದ್ದಾಗ ಊರಲ್ಲಿ ಸಾಲೆ ಇರಲಿಲ್ಲ, ಹೊಳೆಯಾಚೆ ಇತ್ತು. ಹರಿಗೋಲಿನಲ್ಲಿ ಹೋಗುತ್ತಿದ್ದೆವು. ಮಳೆಗಾಲಕ್ಕೆ ಹೊಳೆ ತುಂಬಿದರೆ ಹರಿಗೋಲು ನಿಲ್ಲುತ್ತಿತ್ತು. ಹೊಳೆ ಇಳಿಯುವ ಹೊತ್ತಿಗೆ ಗಂಡುಹುಡುಗರು ದನದ ಹಿಂದೆ, ನಾವು ತೊಟ್ಟಿಲ ಮುಂದೆ. ಒಂದು ವರ್ಷ ಹೊಳೆ ಇಳಿಯಿತು, ನಾನು ಮತ್ತೆ ಹರಿಗೋಲು ಹತ್ತಲಿಲ್ಲ. ಯಾರೂ ಬಿಡಿಸಲಿಲ್ಲ, ತಾನೇ ಬಿಟ್ಟಿತು. ನನ್ನ ಜೊತೆ ಹೋಗುತ್ತಿದ್ದ ಹುಡುಗಿಯರಲ್ಲಿ ಒಬ್ಬಳಾದರೂ ಮೂರನೇ ಇಯತ್ತೆ ಕಂಡಳೇ ಎಂದು ಎಷ್ಟು ನೆನಪು ಕೆದಕಿದರೂ ಒಬ್ಬಳ ಮುಖವೂ ಸಿಗುವುದಿಲ್ಲ. ಮುಂದೆ ನನ್ನ ಮಗ ಅಂಬೆಗಾಲಿಡುವ ಹೊತ್ತಿಗೆ ನಮ್ಮೂರಿಗೇ ಸಾಲೆ ಬಂತು. ಗೋಡೆಯ ಕಲ್ಲನ್ನು ನಾವೇ ಹೊತ್ತೆವು. ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ನಾನೂ ಹೊತ್ತೆ.

ಆ ಸಾಲೆಗೆ ಹೋದ ವರ್ಷ ಒಂದು ಹೊಸ ಪರೀಕ್ಷೆ ಬಂತು. ಮೂರನೇ ಇಯತ್ತೆಯ ಮಕ್ಕಳ ಮಟ್ಟ ಅಳೆಯುವ ಪರೀಕ್ಷೆಯಂತೆ. ಎಲ್ಲ ಊರಿಗೂ ಒಂದೇ ಪ್ರಶ್ನೆ, ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ, ಉತ್ತರಕ್ಕೊಂದು ಸೊನ್ನೆ. ಸರಿಯಾದ ಸೊನ್ನೆಯನ್ನು ಪೆನ್ಸಿಲಿನಿಂದ ಕಪ್ಪು ಮಾಡಬೇಕು. ಓದುವುದು ಮನುಷ್ಯರಲ್ಲ, ಯಂತ್ರ. ನಮ್ಮ ಮಕ್ಕಳು ಗೊತ್ತಿದ್ದಕ್ಕೆ ಸೊನ್ನೆ ತುಂಬಿದರು, ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟರು. ಕೆಲವರು ಮರ್ಯಾದೆಯಿಂದ ಪಕ್ಕದಲ್ಲಿ ಗೊತ್ತಿಲ್ರಿ ಎಂದು ದುಂಡಗೆ ಬರೆದೂ ಇಟ್ಟರು. ಫಲಿತಾಂಶ ಬಂದಾಗ ನಮ್ಮ ಸಾಲೆ ಎಲ್ಲಕ್ಕಿಂತ ಕೆಳಗಿತ್ತು. ಈ ವರ್ಷವೂ ಪಾಸಿನ ಗೆರೆಯ ಕೆಳಗೇ ಉಳಿದರೆ ಸಾಲೆ ಮುಚ್ಚುತ್ತೇವೆ, ಮಕ್ಕಳನ್ನು ಹೊಳೆಯಾಚೆಯ ಸಾಲೆಗೆ ಸೇರಿಸುತ್ತೇವೆ ಎಂದು ಕಚೇರಿಯಿಂದ ಆದೇಶ ಬಂತು.

ಈ ವರ್ಷ ಮೂರನೇ ಇಯತ್ತೆಯಲ್ಲಿ ಇದ್ದವಳು ನನ್ನ ಮೊಮ್ಮಗಳು ಗಂಗೂ.

ಸಾಲೆಗೆ ಇದ್ದದ್ದು ಒಬ್ಬರೇ ಟೀಚರು, ಇಂದುಮತಿ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ವಾಡಿಕೆ. ಅವರು ಬೇರೆ ಸೀಮೆಯವರು. ಬಂದ ಹೊಸದರಲ್ಲಿ ದಿನವೂ ಬಿಕ್ಕುತ್ತಿದ್ದರು. ಹುಡುಗರು ಏನೋ ಕೇಳುವುದು, ಇವರು ಮರ್ಯಾದೆಗೆ ಏನೋ ಹೇಳುವುದು, ತಕ್ಷಣ ಬಿಕ್ಕು. ಈಗ ತಮಗೆ ತಿಳಿಯದ್ದನ್ನು ಮಕ್ಕಳು ಕೇಳಿದರೆ ಗೊತ್ತಿಲ್ಲ, ಹುಡುಕೋಣ ಎನ್ನುತ್ತಾರೆ. ಆದೇಶ ಓದಿ ಹೇಳಿದ ದಿನ ಅವರ ಮುಖ ಸಣ್ಣಗಾಗಿತ್ತು. ಕಚೇರಿಯಿಂದ ಒಬ್ಬರು ತಯಾರಿ ಮಾಡಿಸುವ ಸರ್ ಬರುತ್ತಾರೆ, ಅವರು ಹೇಳಿದಂತೆ ಮಾಡೋಣ ಎಂದರು.

ಬಂದವರ ಹೆಸರು ಪ್ರಭಂಜನ ಸರ್. ಹರೆಯದವರು, ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ದೊಡ್ಡ ಕಟ್ಟು. ಕೆಟ್ಟವರಲ್ಲ. ಮಕ್ಕಳ ಜೊತೆ ನೆಲಕ್ಕೇ ಕೂತರು. ನಾನು ಸಾಲೆಯ ಜಗುಲಿಯಲ್ಲಿ ಅಕ್ಕಿ ಆರಿಸುತ್ತ ಎಲ್ಲ ನೋಡಿದ್ದೇನೆ. ಮಕ್ಕಳ ಮಧ್ಯಾಹ್ನದ ಅಡುಗೆ ಮಾಡುವ ಹೆಂಗಸರಿಗೆ ಕೈಜೋಡಿಸುವುದು ನನ್ನ ಹೊತ್ತು ಹೋಗುವ ಕೆಲಸ. ಸರ್ ಮೊದಲ ದಿನವೇ ಹೇಳಿದ ಮಾತು, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಗೊತ್ತಿದ್ದರೆ ಸರಿ, ಗೊತ್ತಿಲ್ಲದಿದ್ದರೆ ಕಣ್ಣು ಮುಚ್ಚಿ ಮೂರನೇ ಸೊನ್ನೆ ತುಂಬಿ. ನಾಲ್ಕರಲ್ಲಿ ಒಂದಾದರೂ ಸರಿಯಾದೀತು, ಅಷ್ಟರಲ್ಲೇ ನಿಮ್ಮ ಸಾಲೆ ಗೆರೆ ದಾಟೀತು. ಮಕ್ಕಳು ಪೆನ್ಸಿಲು ಹಿಡಿದು ಹಾಗೇ ಮಾಡಿದರು. ಒಬ್ಬನಿಗೆ ಶುರುವಾಯಿತು, ಪಕ್ಕದವಳಿಗೆ ಹತ್ತಿತು, ನೋಡುನೋಡುತ್ತ ಮಳೆ ಬಂದ ಸಂಜೆಯ ಕಪ್ಪೆಕೆರೆಯಾಯಿತು ಸಾಲೆ. ಸರ್ ಇದು ಕಿಡಿಗೇಡಿತನ ಎಂದುಕೊಂಡು ಬೆತ್ತ ಕೇಳಿದರು. ಬೆತ್ತ ನಮ್ಮ ಸಾಲೆಯಲ್ಲಿ ಇಲ್ಲ. ಆಗ ಅವರು ಎದ್ದು ನಿಂತು, ನಾನು ಹೇಳಿದ ಉಪಾಯದಿಂದ ನೂರಕ್ಕೆ ನೂರು ನಿಮ್ಮ ಸಾಲೆ ಉಳಿಯುತ್ತದೆ ಎಂದರು. ಹೇಳಿ ಬಾಯಿ ಮುಚ್ಚುವುದರೊಳಗೆ ಅವರಿಗೂ ಬಂತು. ಮಕ್ಕಳು ನಗಲಿಲ್ಲ. ಒಬ್ಬಳು ಎದ್ದು ಹೋಗಿ ನೀರು ತಂದುಕೊಟ್ಟಳು.

ಪ್ರಭಂಜನ ಸರ್ ಸೋತು ಹೋಗುವ ಮನುಷ್ಯ ಆಗಿರಲಿಲ್ಲ. ಬಿಕ್ಕಳಿಕೆ ತಾನೇ, ಅದನ್ನು ನುಂಗಲು ಕಲಿಸೋಣ ಎಂದು ನಿಂತರು. ಉಸಿರು ಬಿಗಿಹಿಡಿಯುವುದು, ನಾಲಿಗೆಯ ಕೆಳಗೆ ಸಕ್ಕರೆ ಇಡುವುದು, ಗದ್ದವನ್ನು ಎದೆಗೆ ಒತ್ತಿ ಗುಟುಕು ನುಂಗುವುದು. ಮಗ್ಗಿ ಒಪ್ಪಿಸುವ ಹೊತ್ತಿನಲ್ಲಿ ಮಕ್ಕಳು ಗದ್ದ ಒತ್ತಿ ಗುಟುಕು ನುಂಗುವುದನ್ನು ಕಲಿಯತೊಡಗಿದರು. ಊರಲ್ಲಿ ಗುಸುಗುಸು ಎದ್ದಿತು. ಸಾಲೆಯ ಜಗುಲಿಯಲ್ಲಿ ಎಲ್ಲರೂ ಸೇರಿದರು. ಇದು ನಮ್ಮೂರಿನ ರೀತಿಯಲ್ಲ ಎಂದು ಕೆಲವು ಹಿರಿಯರು ತಲೆ ಆಡಿಸಿದರು. ಆಗ ಮಾತಾಡಿದವಳು ನನ್ನ ಸೊಸೆ ರತ್ನವ್ವ, ಗಂಗೂನ ತಾಯಿ. ಮುಚ್ಚುಮರೆ ಇಲ್ಲದ ಹೆಂಗಸು ಅವಳು.

“ನಾ ತಿಳಿದಷ್ಟು ಹೇಳತೀನಿ. ಒಂದು ದಿನ ಬಿಕ್ಕು ನುಂಗಿದ್ರ ಯಾರ ಗಂಟೂ ಹೋಗಂಗಿಲ್ಲ. ಸಾಲಿ ಹೋದ್ರ ಹೋತು. ಆಮ್ಯಾಲೆ ನನ್ನ ಮಗಳೂ ನಿಮ್ಮಂಗ ದಂಡಿ ಮ್ಯಾಲೆ ಕೂತು ಹೊಳಿ ಇಳಿಯೂದು ಕಾಯ್ಬೇಕೇನ್ರಿ ಅತ್ತಿ?”

ಅವಳಿಗೆ ಬಿಕ್ಕು ಬರಲಿಲ್ಲ. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಮರುದಿನದಿಂದ ನಾನೇ ಸಂಜೆ ಗಂಗೂನನ್ನು ಮುಂದೆ ಕೂರಿಸಿಕೊಂಡು, ಗದ್ದ ಒತ್ತು, ಈಗ ನುಂಗು ಎಂದು ರೂಢಿ ಮಾಡಿಸಿದೆ. ಅವಳು ಚುರುಕು. ಬೇಗ ಕಲಿತಳು. ಸರ್ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಶಹಬ್ಬಾಸ್ ಎಂದರು. ಗಂಟಲು ಒಂದಿಷ್ಟು ಅಲುಗಿದ್ದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಆ ದಿನಗಳಲ್ಲಿ ನನಗೆ ರಕ್ತದೊತ್ತಡದ ಗುಳಿಗೆ ಶುರುವಾಗಿತ್ತು. ಕಂಪೌಂಡರ್ ಎರಡು ಪೊಟ್ಟಣ ಕಟ್ಟಿಕೊಟ್ಟಿದ್ದ, ಬಿಳಿಯದು ಒಂದು, ಹಳದಿಯದು ಒಂದು. ಒಂದನ್ನು ಮುಂಜಾನೆ, ಒಂದನ್ನು ಸಂಜೆ ತಗೊಳ್ಳಬೇಕು. ಒಂದು ಗಟ್ಟಿಯದು, ಹೊತ್ತು ತಪ್ಪಿದರೆ ತಲೆ ತಿರುಗಿ ಬೀಳುತ್ತೀಯಜ್ಜಿ ಎಂದು ಹೆದರಿಸಿಯೂ ಇದ್ದ. ಯಾವುದು ಯಾವ ಹೊತ್ತಿಗೆ ಎಂದು ರತ್ನವ್ವನಿಗೆ ಹೇಳಿ ಕಳಿಸಿದ್ದ. ಅವಳು ಹೊಲಕ್ಕೆ ಹೋಗಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಗಂಗೂನನ್ನು ಕೇಳಿದೆ, ನಿಮ್ಮವ್ವ ಏನಂದಳು, ಸಂಜೆಗೆ ಯಾವುದು ಎಂದು. ಬಿಳೀದು ಎಂದಳು, ತಟ್ಟನೆ. ನಾನು ಬಿಳಿ ಗುಳಿಗೆ ಅಂಗೈಗೆ ಹಾಕಿಕೊಂಡೆ, ತಂಬಿಗೆ ಎತ್ತಿದೆ. ನಮ್ಮೂರಲ್ಲಿ ಒಂದು ಕೂಸು ಬಿಕ್ಕದೆ ಹೇಳಿದ ಮಾತನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಅದೇ ನಮ್ಮ ಬದುಕು. ಆದರೆ ದೀಪದ ಬೆಳಕಿಗೆ ಅವಳ ಗದ್ದ ಎದೆಗೆ ತಾಗಿದ್ದು, ಗಂಟಲು ಒಂದು ಸಲ ಮೇಲೆ ಕೆಳಗೆ ಆದದ್ದು ನನ್ನ ಕಣ್ಣಿಗೆ ಬಿತ್ತು. ಮಂಜುಗಣ್ಣಾದರೂ ಅಷ್ಟು ಕಾಣುತ್ತಿತ್ತು, ಯಾಕೆಂದರೆ ಅದನ್ನು ಕಲಿಸಿದವಳು ನಾನೇ.

ತಂಬಿಗೆ ಕೆಳಗಿಟ್ಟೆ. ಬೈಯಲಿಲ್ಲ. ಗಂಗವ್ವಾ, ಗೊತ್ತಿತ್ತೇನು ಎಂದೆ. ಅವಳ ಕಣ್ಣು ತುಂಬಿದವು, ಗಂಟಲಲ್ಲಿ ತಡೆದಿದ್ದೆಲ್ಲ ಒಮ್ಮೆಗೇ ಬಂತು, ಬಿಕ್ಕಳಿಕೆಯೋ ಅಳುವೋ ಒಂದೂ ತಿಳಿಯಲಿಲ್ಲ.

“ಗೊತ್ತಿದ್ದಿಲ್ಲ ಆಯಿ. ಖಾಲಿ ಬಿಡಬಾರದು ಅಂತ ಸರ್ ಹೇಳ್ಯಾರ.”

ರತ್ನವ್ವ ಹೊಲದಿಂದ ಬಂದವಳು ಹೊಸಿಲಲ್ಲೇ ನಿಂತು ಎಲ್ಲ ಕೇಳಿದ್ದಳು. ಸಂಜೆಯದು ಹಳದಿ ಎಂದಳು. ಗುಳಿಗೆಯನ್ನು ನನ್ನ ಬಾಯಿಗೆ ತಾನೇ ಹಾಕಿದಳು. ನನ್ನ ಅಂಗೈಯ ಬಿಳಿಯದನ್ನು ಪೊಟ್ಟಣಕ್ಕೆ ತಿರುಗಿ ಹಾಕಿದಳು.

ಮರುದಿನ ಮುಂಜಾನೆ ನಾನು ಸಾಲೆಗೆ ಹೋದೆ. ನಾನು ಮಾತು ಕಡಿಮೆಯವಳು, ಹತ್ತು ಜನರ ಮುಂದೆ ನಿಂತು ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಪ್ರಭಂಜನ ಸರ್‌ಗೆ ಹೇಳಿದೆ. ಕಲಿಸಿದವಳು ನಾನೂ ಹೌದು ಎಂದೂ ಹೇಳಿದೆ. ಇನ್ನು ಮುಂದೆ ನಮ್ಮ ಕೂಸುಗಳಿಗೆ ನುಂಗುವುದನ್ನು ಕಲಿಸಬೇಡಿ ಎಂದೆ. ಅವರು ಕೈಯಲ್ಲಿದ್ದ ಪೆನ್ಸಿಲನ್ನು ಜೇಬಿಗೆ ಹಾಕಿದರು. ಅಜ್ಜಿ, ನಾನೂ ಮೇಲಿನವರಿಗೆ ಒಂದು ಅಂಕಿ ತೋರಿಸಬೇಕು, ನುಂಗದೇ ಗೆರೆ ದಾಟುವುದು ಹೇಗೆ ಅಂತ ನನಗೆ ತಿಳಿದಿಲ್ಲ ಎಂದರು. ಅವರು ನಮ್ಮೂರಿಗೆ ಬಂದ ಮೇಲೆ ಬಿಕ್ಕದೆ ಹೇಳಿದ ಮೊದಲ ಮಾತು ಅದು ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಪಿಸುಗುಟ್ಟಿದ. ಸರ್ ಕೇಳಿಸಿಕೊಂಡೂ ನಕ್ಕರು. ಸಂಜೆ ಬಸ್ಸಿಗೆ ಹೊರಟರು. ಪ್ರಶ್ನೆಪತ್ರಿಕೆಗಳ ಕಟ್ಟನ್ನು ಅಕ್ಕೋರ ಮೇಜಿನ ಮೇಲೆ ಬಿಟ್ಟು ಹೋದರು.

ಅಕ್ಕೋರು ಆ ಕಟ್ಟು ಬಿಚ್ಚಿ ಊರಿನವರ ಮುಂದೆ ಇಟ್ಟರು. ಮಕ್ಕಳು ಎಲ್ಲಿ ಖಾಲಿ ಬಿಡುತ್ತಾರೆ ನೋಡಿ ಎಂದರು. ಕೂಡುವುದು, ಕಳೆಯುವುದು, ಓದಿ ತಿಳಿಯುವುದು, ಇವುಗಳಲ್ಲಿ ಮಕ್ಕಳು ಗಟ್ಟಿ. ಖಾಲಿ ಬಿಟ್ಟದ್ದೆಲ್ಲ ಕಾಣದ ಸಂಗತಿಗಳು. ರಸ್ತೆ ದೀಪದ ಯಾವ ಬಣ್ಣಕ್ಕೆ ಗಾಡಿ ನಿಲ್ಲಬೇಕು, ತಾನೇ ಮೇಲೆ ಹೋಗುವ ಮೆಟ್ಟಿಲು ಎಲ್ಲಿರುತ್ತದೆ, ಹಿಮದಲ್ಲಿ ಇರುವ ಹಕ್ಕಿ ಯಾವುದು, ಹಡಗು ನಿಲ್ಲುವ ಜಾಗಕ್ಕೆ ಏನನ್ನುತ್ತಾರೆ. ಊರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊತ್ತಿಲ್ಲ ಎಂದು ಮುಕ್ಕಾಲು ಜನ ಒಬ್ಬೊಬ್ಬರಾಗಿ ಹೇಳುತ್ತ ಬಂದರು, ಪಾಳಿಯಲ್ಲಿ ನಿಂತು ಹೇಳಿದ ಹಾಗೆ. ರತ್ನವ್ವ ಸೆರಗು ಸಿಕ್ಕಿಸಿಕೊಂಡಳು. ಹಂಗಾರ ಗೊತ್ತ ಮಾಡಿಕೊಳ್ಳೂಣು, ಇದಕ್ಯಾಕ ಇಷ್ಟು ಮುಖ ಬಾಡಿಸಿಕೊಂಡು ಕುಂತೀರಿ ಎಂದಳು.

ಅಲ್ಲಿಂದ ನಮ್ಮೂರು ಓದಲು ಕೂತಿತು. ಚಕ್ಕಡಿ ಹೊಡೆಯುವ ಕೊಟ್ರಪ್ಪ ಊರಿನವರಲ್ಲಿ ಒಬ್ಬನೇ ದೊಡ್ಡ ಪಟ್ಟಣದಲ್ಲಿ ಹಮಾಲಿ ಮಾಡಿ ಬಂದವನು. ರಸ್ತೆ ದೀಪವನ್ನು ಅವನು ಕಣ್ಣಾರೆ ಕಂಡಿದ್ದ. ಕೆಂಪು, ಹಳದಿ, ಹಸಿರು ಬಳಿದ ಮೂರು ಡಬ್ಬಿ ಮುಚ್ಚಳಗಳನ್ನು ಬೇವಿನ ಮರಕ್ಕೆ ನೇತುಹಾಕಿ, ಕೆಳಗೆ ನಿಂತು ಹಗ್ಗ ಜಗ್ಗಿ ತೋರಿಸಿದ. ಮೊದಲು ಮಕ್ಕಳು ಓಡಿದರು, ಆಮೇಲೆ ಚಕ್ಕಡಿಗಳೂ ಬಂದವು. ಕೆಂಪು ಮುಚ್ಚಳ ಬಿದ್ದರೆ ಎತ್ತು ನಿಲ್ಲಿಸಬೇಕು. ಒಂದು ದಿನ ಕೊಟ್ರಪ್ಪ ಕೆಂಪು ಜಗ್ಗಿ ಚಹಾ ಕುಡಿಯಲು ಹೋದ, ಗೌಡರ ಗೊಬ್ಬರದ ಗಾಡಿ ಬಿಸಿಲಲ್ಲಿ ನಿಂತೇ ಇತ್ತು. ಗೌಡರು ಬೈದರು. ಬೈಯುತ್ತಲೇ ಹಸಿರು ಬೀಳುವತನಕ ನಿಂತರು. ತಾನೇ ಏರುವ ಮೆಟ್ಟಿಲು ಮಾತ್ರ ಯಾರೂ ಕಂಡಿರಲಿಲ್ಲ. ಅಕ್ಕೋರು ರಜೆಯ ದಿನ ಪಟ್ಟಣಕ್ಕೆ ಹೋಗಿ ಅದರ ಮೇಲೆ ಎರಡು ಸಲ ಏರಿ ಬಂದು, ಕಾಲು ಹೇಗೆ ಇಡಬೇಕು, ಇಳಿಯುವಾಗ ಹೊಟ್ಟೆಯಲ್ಲಿ ಹೇಗಾಗುತ್ತದೆ ಎಂದು ನಡೆದು ತೋರಿಸಿದರು. ಹಿಮದ ಹಕ್ಕಿಯ ಚಿತ್ರ ಒಂದು ಕ್ಯಾಲೆಂಡರಿನಲ್ಲಿ ಸಿಕ್ಕಿತು. ಕೋಳಿಗೆ ಕೋಟು ಹಾಕಿದಂಗೈತಿ ಎಂದು ಮುದುಕರು ನಕ್ಕರು. ನಾನೂ ಮಕ್ಕಳ ಸಾಲಿನ ಕೊನೆಗೆ ಕೂರುತ್ತಿದ್ದೆ. ಪ್ರಶ್ನೆಯನ್ನು ಗಂಗೂ ಓದುವುದು, ನನಗೆ ತಿಳಿಯುವತನಕ ಹೇಳುವುದು. ಹೇಳುತ್ತ ಹೇಳುತ್ತ ಎಲ್ಲಿ ತನಗೇ ತಿಳಿದಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಅಲ್ಲಿ ನಿಲ್ಲುತ್ತಿದ್ದಳು, ಅಕ್ಕೋರ ಕಡೆ ಓಡುತ್ತಿದ್ದಳು.

ಪರೀಕ್ಷೆಯ ದಿನ ಕಚೇರಿಯಿಂದ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಅಕ್ಕೋರನ್ನು ಹೊರಗೆ ನಿಲ್ಲಿಸಿದರು, ಅದು ನಿಯಮ. ಮಕ್ಕಳಿಗೆ ನೀರು ಕೊಡಲು ಯಾರಾದರೂ ಒಬ್ಬರು ಒಳಗೆ ಇರಬಹುದು, ಆದರೆ ಓದು ಬರದವರಾಗಿರಬೇಕು ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಓದು ಬರುವುದಿಲ್ಲ ಎಂದು ಹೇಳಲು ಹೋದೆ, ಬಿಕ್ಕು ಕುಟುಕಿತು, ಈಗ ಎಷ್ಟು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅಲ್ಪಸ್ವಲ್ಪ ಬರತೈತ್ರಿ ಎಂದೆ. ಪರವಾಗಿಲ್ಲ ಎಂದು ಒಳಗೆ ಬಿಟ್ಟರು.

ಮಕ್ಕಳು ಬಗ್ಗಿ ಬರೆದರು. ಪೆನ್ಸಿಲು ಕಾಗದದ ಮೇಲೆ ಸರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಒಬ್ಬರೂ ಬಿಕ್ಕಲಿಲ್ಲ. ತಂಬಿಗೆ ಹಿಡಿದು ಸಾಲುಗಳ ನಡುವೆ ಹೋಗುವಾಗ ನಾನು ಓರೆಗಣ್ಣಿನಿಂದ ನೋಡಿದೆ, ಸೊನ್ನೆಗಳು ಕಪ್ಪಾಗುತ್ತ ಹೋಗಿದ್ದವು. ಅಲ್ಲಲ್ಲಿ ಮಾತ್ರ ಖಾಲಿ. ಹೊತ್ತು ಮುಗಿಯುತ್ತ ಬಂದಾಗ ಸಾಹೇಬರು ಹಾಳೆಗಳನ್ನು ನೋಡುತ್ತ ಬಂದು ಹಣೆ ಗಂಟಿಕ್ಕಿದರು. ಒಂದೂ ಖಾಲಿ ಇರಬಾರದು, ಖಾಲಿ ಬಿಟ್ಟವರ ಹಾಳೆಯನ್ನು ನಾನು ತಗೊಳ್ಳುವುದಿಲ್ಲ, ಏನಾದರೂ ಒಂದು ತುಂಬಿ ಎಂದರು. ಮಕ್ಕಳು ಪೆನ್ಸಿಲು ಕೆಳಗಿಟ್ಟರು. ಸಾಹೇಬರು ಮುಂದಿನ ಸಾಲಿನಲ್ಲಿದ್ದ ಗಂಗೂನ ಮುಂದೆ ನಿಂತು, ತುಂಬು ಎಂದರು. ಅವಳು ಎದ್ದು ನಿಂತಳು. ಕೈ ಹಿಂದೆ ಕಟ್ಟಿಕೊಂಡಳು.

“ಇದು ನನಗ ಗೊತ್ತಿಲ್ರಿ. ಗೊತ್ತಿಲ್ಲದ್ದು ನಾ ತುಂಬಂಗಿಲ್ರಿ.”

ಅವಳ ಹಿಂದಿನವನು ಎದ್ದ. ಅವನ ಪಕ್ಕದವಳು ಎದ್ದಳು. ನೋಡುತ್ತಿದ್ದಂತೆ ಇಡೀ ಮೂರನೇ ಇಯತ್ತೆ ನಿಂತಿತು, ಎಲ್ಲರ ಕೈ ಹಿಂದೆ ಕಟ್ಟಿದ್ದವು. ಸಾಹೇಬರು ಇಷ್ಟು ಸಣ್ಣ ಮಕ್ಕಳಿಂದ ಅಂಥದ್ದನ್ನು ಕಂಡವರಲ್ಲ. ಗಂಗೂನ ಹಾಳೆ ಎಳೆದುಕೊಂಡು ತಾವೇ ಪೆನ್ಸಿಲು ಹಿಡಿದರು. ಒಂದು ಸೊನ್ನೆ ತುಂಬಿದರು. ಬಿಕ್ಕು ಬಂತು. ಇನ್ನೊಂದಕ್ಕೆ ಪೆನ್ಸಿಲು ಊರುವಾಗ ಇನ್ನೂ ಜೋರಾಗಿ ಬಂತು, ಕೈ ಜಾರಿ ಹಾಳೆಯ ಉದ್ದಕ್ಕೂ ಒಂದು ಕಪ್ಪು ಗೆರೆ ಬಿತ್ತು. ನಾನು ನೀರು ಹಿಡಿದು ನಿಂತಿದ್ದೆ. ಅವರು ಕುಡಿದರು, ಮತ್ತೆ ತುಂಬಲು ಹೋದರು, ಮತ್ತೆ ಬಿಕ್ಕಿದರು. ಕೊನೆಗೆ ಹಾಳೆಗಳನ್ನೆಲ್ಲ ಹಾಗೇ ಬಾಚಿಕೊಂಡು ಜೀಪು ಹತ್ತಿದರು. ಗಡಿಯ ಕಲ್ಲು ದಾಟುವತನಕ ಜೀಪಿನೊಳಗಿಂದ ಕೇಳಿಸುತ್ತಿತ್ತು ಎಂದು ಕೊಟ್ರಪ್ಪ ಹೇಳಿದ.

ಫಲಿತಾಂಶ ಬಂದದ್ದು ಬೇಸಿಗೆ ಮುಗಿಯುವಾಗ. ಮಕ್ಕಳು ತುಂಬಿದ ಸೊನ್ನೆಗಳಲ್ಲಿ ತಪ್ಪಾದದ್ದು ಇಲ್ಲವೆನ್ನುವಷ್ಟು ಕಡಿಮೆ ಎಂದು ಅಕ್ಕೋರು ಓದಿ ಹೇಳಿದರು. ಅಷ್ಟು ಹೇಳಿ ನಿಂತರು. ಆದರೂ ಒಟ್ಟು ಗೆರೆಗಿಂತ ಒಂದು ಕೂದಲೆಳೆ ಕೆಳಗೆ. ಖಾಲಿ ಬಿಟ್ಟದ್ದಕ್ಕೆ ಕಣ್ಣು ಮುಚ್ಚಿ ಏನಾದರೂ ತುಂಬಿದ್ದರೆ ದಾಟುತ್ತಿತ್ತು ಎಂದು ಎಲ್ಲರಿಗೂ ತಿಳಿದಿತ್ತು. ಯಾರೂ ಮಕ್ಕಳಿಗೆ ಆ ಮಾತು ಅನ್ನಲಿಲ್ಲ. ಅನ್ನಬಾರದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಗಂಗೂ ಮಾತ್ರ ರಾತ್ರಿ ಊಟ ಬೇಡವೆಂದಳು. ರತ್ನವ್ವ ಅವಳ ತಟ್ಟೆಗೆ ರೊಟ್ಟಿ ಮುರಿದು ಹಾಕುತ್ತ, ನೀನು ಸಾಲಿ ಕಳದಿಲ್ಲ, ಉಣ್ಣು ಎಂದಳು.

ಸಾಲೆ ಮುಚ್ಚುವ ಆದೇಶ ಬಂತು. ಅಕ್ಕೋರಿಗೆ ವರ್ಗವಾಯಿತು. ಬೆಂಚು, ಮೇಜು, ಕರಿಹಲಗೆ ಒಯ್ಯಲು ಲಾರಿ ಬರುತ್ತದೆ, ಮಳೆ ಶುರುವಾಗುವ ಮುಂಚೆ ಮಕ್ಕಳ ಹೆಸರನ್ನು ಹೊಳೆಯಾಚೆ ಹಚ್ಚಿರಿ ಎಂದಿತ್ತು. ನಾನು ಆ ದಿನ ಹೊಳೆಯ ದಂಡೆಗೆ ಹೋಗಿ ನಿಂತೆ. ನೀರು ಕಡಿಮೆ ಇತ್ತು. ಕಡಿಮೆ ಇದ್ದಾಗ ಅದು ಎಷ್ಟು ಸಾಧುವಾಗಿ ಕಾಣುತ್ತದೆ ಎಂದರೆ, ತುಂಬಿದಾಗ ಕಂಡವರನ್ನು ಬಿಟ್ಟು ಉಳಿದವರೆಲ್ಲ ಅದನ್ನು ನಂಬಿಬಿಡುತ್ತಾರೆ. ಮನೆಗೆ ಬಂದು ಸೊಸೆಗೆ ಹೇಳಿದೆ, ನಾಳೆ ನಾನು ಸಾಲೆಗೆ ಹೋಗಿ ಕೂರುತ್ತೇನೆ, ಯಾರು ಎಬ್ಬಿಸುತ್ತಾರೆ ನೋಡೋಣ. ನನ್ನ ಬಾಯಿಂದ ಅಂಥ ಮಾತು ಅವಳು ಕೇಳಿರಲಿಲ್ಲ. ಒಬ್ಬರೇ ಯಾಕ ಕೂಡತೀರಿ ಎಂದಳು. ಎದ್ದು ಸೆರಗು ಹೊದ್ದು ಓಣಿಗೆ ಇಳಿದಳು.

ಲಾರಿ ಬಂದಾಗ ಬೆಂಚುಗಳೆಲ್ಲ ತುಂಬಿದ್ದವು. ಮಕ್ಕಳು ಮುಂದೆ, ಅವರ ಹಿಂದೆ ನಾವು. ಗೌಡರ ಹೊಟ್ಟೆ ಬೆಂಚಿಗೂ ಮೇಜಿಗೂ ನಡುವೆ ಸಿಕ್ಕಿಕೊಂಡಿತ್ತು, ಎಬ್ಬಿಸಬೇಕೆಂದರೂ ಎಬ್ಬಿಸುವಂತಿರಲಿಲ್ಲ. ಕೊಟ್ರಪ್ಪ ಎತ್ತು ಬಿಚ್ಚಿ ಬಂದು ಕಿಟಕಿಯ ಹತ್ತಿರ ಕೂತಿದ್ದ. ಇಂದುಮತಿ ಅಕ್ಕೋರು ಕರಿಹಲಗೆಯ ಮುಂದೆ ನಿಂತಿದ್ದರು. ಅವರು ಆ ಮುಂಜಾನೆಯ ಬಸ್ಸಿಗೆ ಹೋಗಬೇಕಿತ್ತು. ಅವರ ಟ್ರಂಕು ಬಾಗಿಲ ಬಳಿ ಇತ್ತು, ಬಸ್ಸು ಹೋಗಿಯಾಗಿತ್ತು.

ಅದೇ ಸಾಹೇಬರು ಲಾರಿಯಿಂದ ಇಳಿದರು. ಈ ಸಲ ಅವರು ಎಚ್ಚರದಿಂದ ಮಾತಾಡಿದರು. ಕಾಗದದಲ್ಲಿ ಇದ್ದದ್ದನ್ನು ಮಾತ್ರ ಓದಿದರು. ಯಾರೂ ಏಳಲಿಲ್ಲ. ಅಕ್ಕೋರು ಅವರಿಗೆ ನಮಸ್ಕಾರ ಹೇಳಿ, ಪಾಠ ನಡೆದೈತ್ರಿ ಸರ್ ಎಂದು ಬೆನ್ನು ತಿರುಗಿಸಿ ಬರೆಯತೊಡಗಿದರು. ಹೊಳೆಯ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ. ನಾವೆಲ್ಲ ಅದನ್ನು ಗಟ್ಟಿಯಾಗಿ ಓದಿದೆವು, ತಪ್ಪುತ್ತ, ತಡವರಿಸುತ್ತ. ಸಾಹೇಬರು ಬಾಗಿಲಲ್ಲಿ ನಿಂತರು. ಬಿಸಿಲು ಏರಿತು. ಫೋನು ಹಚ್ಚಲು ನೋಡಿದರು, ನಮ್ಮೂರಲ್ಲಿ ಅದು ಹತ್ತುವುದು ಕಷ್ಟ.

ಲಾರಿಯ ಜೊತೆ ಬೆಂಚು ಹೊರಲು ಇಬ್ಬರು ಹಮಾಲರು ಬಂದಿದ್ದರು. ಹೊರಗೆ ನೆರಳಿರಲಿಲ್ಲ. ಅವರಲ್ಲಿ ಒಬ್ಬ, ನಡುವಯಸ್ಸಿನವನು, ತಲೆಗೆ ಟವೆಲು ಸುತ್ತಿದ್ದ, ಒಳಗೆ ಬಂದು ಗೋಡೆಗೆ ಒರಗಿ ನಿಂತ. ಮಕ್ಕಳು ಸರಿದು ಜಾಗ ಮಾಡಿದರು. ಅವನು ಸಾಹೇಬರ ಮುಖ ನೋಡಿದ, ಕರಿಹಲಗೆ ನೋಡಿದ, ಗಂಗೂನ ಬೆಂಚಿನ ತುದಿಗೆ ಕೂತ. ಅಕ್ಕೋರು ಒಬ್ಬೊಬ್ಬರಿಗೂ ಆ ಸಾಲನ್ನು ಓದಲು ಹೇಳುತ್ತಿದ್ದರು. ಪಾಳಿ ಅವನಿಗೂ ಬಂತು. ಅವರು ಬೇರೆಯವರಿಗೆ ಹೇಳಿದ ಹಾಗೇ ಅವನಿಗೂ, ನೀವು ಓದ್ರಿ ಎಂದರು. ಅವನು ಟವೆಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಬೆರಳನ್ನು ಗಾಳಿಯಲ್ಲಿ ಚಾಚಿ, ಅಕ್ಷರ ಅಕ್ಷರ ಹಿಡಿದು, ಹೊ ಎಂದ, ಳೆ ಎಂದ. ಯ ಎಂಬಲ್ಲಿ ನಿಂತ. ಗಂಗೂ ಅವನ ಕಿವಿಯ ಹತ್ತಿರ ಬಗ್ಗಿ ಹೇಳಿಕೊಟ್ಟಳು.

ಸಾಹೇಬರು ಬಾಗಿಲಿಂದ ಅವನ ಹೆಸರು ಹಿಡಿದು ಕೂಗಿದರು. ಎದ್ದು ಬಾ, ಮೊದಲು ಆ ಬೆಂಚು ಎತ್ತು ಎಂದರು. ಅವನು ತಿರುಗಿ ನೋಡಲಿಲ್ಲ. ಅವನ ಬೆರಳು ಕರಿಹಲಗೆಯ ಕಡೆಗೇ ಇತ್ತು, ಅಕ್ಷರ ಕಳೆದುಹೋದೀತು ಎಂಬ ಹೆದರಿಕೆಯಲ್ಲಿ.

“ಈ ಸಾಲು ಮುಗೀಲಿ ತಡೀರಿ ಸಾಹೇಬ್ರ” ಎಂದ.

ಅಕ್ಕೋರು ಸೀಮೆಸುಣ್ಣ ಎತ್ತಿಕೊಂಡು ಅದರ ಕೆಳಗೆ ಇನ್ನೊಂದು ಸಾಲು ಬರೆದರು.